ಇನ್ನೊಂದು ದೋಸೆ ಹಾಕ್ಲಾ?

ಕಳೆದ ವರ್ಷ ನನಗೆ 54 ತುಂಬಿತು. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದೂ 54ಕ್ಕೇ. ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಕೊನೆಯ ಎರಡು ವರ್ಷ ಎಡಗಾಲಿನ ಹೆಬ್ಬೆರಳು ತೆಗೆಸಿಕೊಂಡು, ಕೋಲು ಹಿಡಿದು ಓಡಾಡಿದರು. ಹಾಗಾಗಿ ಬ್ಯಾಂಕಿನ ಮೆಡಿಕಲ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.2 ಅಂತ ಬಂದಾಗ "ಬಾರ್ಡರ್‌ಲೈನ್ ಅಷ್ಟೇ ಬಿಡಿ ಸಾರ್" ಅಂದ ಸಹೋದ್ಯೋಗಿಗಳ ಹಾಗೆ ನಕ್ಕು ಸುಮ್ಮನಾಗಲು ನನ್ನಿಂದ ಆಗಲಿಲ್ಲ. ಈ ಅಂಕಿ 5.7ರಿಂದ 6.4ರ ಒಳಗಿದ್ದರೆ ಹೊಸ್ತಿಲ ಮೇಲೆ ನಿಂತ ಹಾಗೆ, 6.5 ಆದರೆ ಒಳಗೆ ಬಂದ ಹಾಗೆ. ಐಸಿಎಂಆರ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಒಳಗಿರುವವರು 10 ಕೋಟಿ, ಹೊಸ್ತಿಲ ಮೇಲಿರುವವರು 13 ಕೋಟಿಗೂ ಹೆಚ್ಚು. ಅಂದರೆ ಡೊಂಬಿವ್ಲಿ ಲೋಕಲ್‌ನಲ್ಲಿ ನನ್ನ ಅಕ್ಕಪಕ್ಕ ನಿಂತವರಲ್ಲಿ ಎಷ್ಟು ಜನವೋ!

ರಿಪೋರ್ಟ್ ನೋಡಿದ ಮಾರನೇ ದಿನವೇ ನನ್ನ ಹೆಂಡತಿ ಓಟ್ಸ್ ಡಬ್ಬಿ ತಂದಳು. ಅದರ ಹಿಂದೆಯೇ ಕಾರ್ನ್‌ಫ್ಲೇಕ್ಸ್, ಮಲ್ಟಿಗ್ರೇನ್ ಬ್ರೆಡ್ಡು, ಮಿಲೆಟ್ ಬಿಸ್ಕತ್ತು ಬಂದವು. ಇಡ್ಲಿ ಪಾತ್ರೆ ಅಟ್ಟ ಹತ್ತಿತು. ಮೂವತ್ತು ವರ್ಷ ಮುಂಬೈಯಲ್ಲಿದ್ದರೂ ಬೆಳಗ್ಗೆ ಮಾತ್ರ ಕುಂದಾಪುರದಲ್ಲೇ ಇದ್ದ ನಮ್ಮ ಮನೆ ಒಂದೇ ವಾರದಲ್ಲಿ ಯಾವ ಊರಿಗೂ ಸೇರದ ಹಾಗಾಯಿತು.

ನಮ್ಮ ಫ್ಯಾಮಿಲಿ ಡಾಕ್ಟರು ಮರಾಠಿಯವರು, ಹಳಬರು. "ಮಾತ್ರೆ ವಿಷಯ ಆಮೇಲೆ ನೋಡೋಣ, ಮೊದಲು ಹದಿನೈದು ದಿನ ಬೆಳಗ್ಗೆ ಏನೇನು ತಿಂತೀರಿ, ಬರೆದು ತನ್ನಿ" ಅಂದರು. ಲೆಕ್ಕ ಬರೆಯೋದು ನಮಗೆ ಹೊಸದಲ್ಲವಲ್ಲ. ಹಳೇ ಡೈರಿಯಲ್ಲಿ ಎರಡು ಕಾಲಂ ಹಾಕಿ ಶುರು ಮಾಡಿದೆ. ಹದಿನೈದು ದಿನ ಆದ ಮೇಲೆ ಟೋಟಲ್ ಮಾಡಿದಾಗ ನನಗೆ ಗೊತ್ತಾಗಿದ್ದನ್ನೇ ಇಲ್ಲಿ ಹೇಳಬೇಕು ಅನ್ನಿಸಿತು.

ಮೊದಲನೆಯದು, ಓಟ್ಸ್ ಅಂದರೆ ಕಡಿಮೆ ಕ್ಯಾಲೊರಿ ಅನ್ನೋದು ನಮ್ಮ ಭ್ರಮೆ. ಒಣ ತೂಕದಲ್ಲಿ 100 ಗ್ರಾಂ ಓಟ್ಸ್‌ನಲ್ಲಿ ಸುಮಾರು 380 ಕ್ಯಾಲೊರಿ. ಅಷ್ಟೇ ರವೆಯಲ್ಲಿ, ಅವಲಕ್ಕಿಯಲ್ಲಿ ಸುಮಾರು 350. ರಾಗಿಯಲ್ಲಿ ಇನ್ನೂ ಕಡಿಮೆ, 320ರ ಆಸುಪಾಸು. ಓಟ್ಸ್‌ನಲ್ಲಿ ನಾರು, ಪ್ರೋಟೀನು ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಇಷ್ಟವಿದ್ದವರು ಧಾರಾಳವಾಗಿ ತಿನ್ನಲಿ. ಆದರೆ ಅದಕ್ಕೆ ಎರಡು ಚಮಚ ಜೇನುತುಪ್ಪ, ಬಾಳೆಹಣ್ಣು, ಒಂದು ಹಿಡಿ ದ್ರಾಕ್ಷಿ ಹಾಕಿಕೊಂಡು "ನಾನು ಡಯಟ್‌ನಲ್ಲಿದ್ದೇನೆ" ಅಂದರೆ ಲೆಕ್ಕ ಟ್ಯಾಲಿ ಆಗೋದಿಲ್ಲ. 2023 ಸಿರಿಧಾನ್ಯಗಳ ವರ್ಷ ಅಂತ ಆದ ಮೇಲೆ ಬಂದ ಮಿಲೆಟ್ ಬಿಸ್ಕತ್ತುಗಳ ಪೊಟ್ಟಣ ಒಮ್ಮೆ ತಿರುಗಿಸಿ ಓದಿ. ಸಕ್ಕರೆ, ಪಾಮ್ ಎಣ್ಣೆ, ಆಮೇಲೆ ಹೆಸರಿಗೊಂದಿಷ್ಟು ರಾಗಿ ಇರುವವೇ ಜಾಸ್ತಿ.

ಎರಡನೆಯದೇ ಮುಖ್ಯ. ನನ್ನ ಡೈರಿಯಲ್ಲಿ ತಪ್ಪು ಮಾಡಿದ್ದು ಇಡ್ಲಿಯಲ್ಲ, ದೋಸೆಯೂ ಅಲ್ಲ. ತಪ್ಪು ಮಾಡಿದ್ದು "ಇನ್ನೊಂದು". ಮನೆಯ ಸಾಧಾರಣ ಗಾತ್ರದ ಒಂದು ಇಡ್ಲಿಯಲ್ಲಿ 50-60 ಕ್ಯಾಲೊರಿ. ಮೂರು ತಿಂದು ಏಳುವ ಮನುಷ್ಯನಿಗೆ ಯಾವ ತೊಂದರೆಯೂ ಇಲ್ಲ. ನಾನು ತಿನ್ನುತ್ತಿದ್ದದ್ದು ಆರು. ಜೊತೆಗೆ ಅರ್ಧ ಕಾಯಿಯ ಚಟ್ನಿಯಲ್ಲಿ ದೊಡ್ಡ ಪಾಲು, ಮೇಲೊಂದು ಚಮಚ ಕೊಬ್ಬರಿ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ, ಅಂದರೆ ಎರಡು ಇಡ್ಲಿ! ಕಾಫಿಗೆ ಎರಡು ಚಮಚ ಸಕ್ಕರೆ, ಪೇಪರ್ ಓದುತ್ತಾ ಮತ್ತೊಂದು ಲೋಟ ಕಾಫಿ. ನೀರ್ ದೋಸೆ ದಿನವಂತೂ ಕೇಳಬೇಡಿ. ತೆಳ್ಳಗಿದೆ, ಹಗುರ ಅಂತ ಎಂಟು ಒಳಗೆ ಹೋಗುತ್ತಿತ್ತು, ಕಾಯಿಬೆಲ್ಲದ ಜೊತೆ. ಬರೀ ಅಕ್ಕಿ, ಅದರಲ್ಲಿ ಬೇಳೆಯ ಅಂಶವಿಲ್ಲ. ಹನ್ನೊಂದಕ್ಕೆ ಮತ್ತೆ ಹಸಿವು.

ನಮ್ಮಲ್ಲಿ "ಇನ್ನೊಂದು ಹಾಕ್ಲಾ?" ಅನ್ನೋದು ಪ್ರಶ್ನೆಯೇ ಅಲ್ಲ. ಕೇಳುವಷ್ಟರಲ್ಲಿ ದೋಸೆ ತಟ್ಟೆಗೆ ಬಿದ್ದಿರುತ್ತದೆ. ಬೇಡ ಅಂದರೆ ಚೆನ್ನಾಗಿಲ್ಲ ಅಂತ ಅರ್ಥ. ಅಪ್ಪ ಶಾಲಾ ಮಾಸ್ತರು, ಮಿತಭಾಷಿ. ಅಮ್ಮನ ಅಡುಗೆಯನ್ನು ಬಾಯಿಬಿಟ್ಟು ಹೊಗಳಿದ್ದು ನಾನು ಕೇಳಿಲ್ಲ. ಅವರು ಹೊಗಳುತ್ತಿದ್ದದ್ದು ಇನ್ನೊಂದು ಹಾಕಿಸಿಕೊಂಡು. ಅಜ್ಜನಿಗೆ ಅದು ನಡೆಯಿತು, ಗಂಜಿ ಉಂಡು ಗದ್ದೆಗಿಳಿದರೆ ಮಧ್ಯಾಹ್ನದವರೆಗೂ ಬಗ್ಗಿದ ಬೆನ್ನು ಎತ್ತುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಪಾಠ ಹೇಳಿದ ಅಪ್ಪನಿಗೆ ನಡೆಯಲಿಲ್ಲ. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವ ನನಗೆ ಹೇಗೆ ನಡೆದೀತು?

ಆದ್ದರಿಂದ ಅಟ್ಟದಿಂದ ಇಡ್ಲಿ ಪಾತ್ರೆ ಇಳಿಸಿದೆವು, ಲೆಕ್ಕ ಮಾತ್ರ ಬದಲಾಯಿಸಿದೆವು. ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಹೀಗೆ. ಸೋಮವಾರ ಮೂರೇ ಇಡ್ಲಿ, ಆದರೆ ಸಾಂಬಾರು ಬಟ್ಟಲು ತುಂಬಾ, ಅದರಲ್ಲಿ ನುಗ್ಗೆ, ಕುಂಬಳ, ಬೀನ್ಸ್. ಮಂಗಳವಾರ ಹೆಸರುಕಾಳಿನ ದೋಸೆ. ರಾತ್ರಿ ನೆನೆಸಿ, ಬೆಳಗ್ಗೆ ಶುಂಠಿ, ಹಸಿಮೆಣಸು ಹಾಕಿ ರುಬ್ಬಿದರೆ ಆಯಿತು, ಹುಳಿ ಬರಬೇಕಾಗಿಲ್ಲ. ಎರಡು ತಿಂದರೆ ಒಂದು ಗಂಟೆಯವರೆಗೂ ಹೊಟ್ಟೆ ಸುಮ್ಮನಿರುತ್ತದೆ. ಉಪ್ಪಿಟ್ಟು, ಅವಲಕ್ಕಿ ಮಾಡಿದ ದಿನ ಅರ್ಧ ರವೆ ಅರ್ಧ ತರಕಾರಿ, ಎಣ್ಣೆ ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆದು. ಇನ್ನೊಂದು ದಿನ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಜೊತೆಗೆ ಸೌತೆಕಾಯಿ ಹೆಸರುಬೇಳೆ ಕೋಸಂಬರಿ. ಮರಾಠಿ ನೆರೆಮನೆಯವರಿಂದ ಕಲಿತದ್ದು ಮೊಳಕೆ ಬಂದ ಮಟಕಿಯ ಉಸಳ್, ಅಂದರೆ ನಮ್ಮ ಮಡಿಕೆಕಾಳು, ಮೇಲೆ ಫರ್ಸಾಣ್ ಉದುರಿಸದೆ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಎರಡು ಮೊಟ್ಟೆಗಿಂತ ಸುಲಭ ಇನ್ನೇನಿದೆ! ಚಟ್ನಿಗೆ ಕಾಯಿ ಕಾಲು ಭಾಗಕ್ಕೆ ಇಳಿಸಿ ಹೀರೇಕಾಯಿ ಸಿಪ್ಪೆ, ಟೊಮೆಟೊ ಹಾಕುತ್ತೇವೆ. ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ, "ಎಂತ ಚಟ್ನಿ ಮಗಾ ಅದ್, ಕಾಯಿ ಇಲ್ದೆ?" ಅಂತ ನಿಜವಾಗಿಯೂ ನೊಂದುಕೊಂಡರು.

ಹೊರಗೆ ತಿನ್ನುವಾಗ ಕಷ್ಟ ಜಾಸ್ತಿ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ 2022ರ ಜುಲೈಯಿಂದ ಜಾರಿಯಲ್ಲಿದೆ. ಆದರೆ ನಮ್ಮ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿಗೆ ಇರೋದೇ ಒಂದು ಶಾಖೆ. ಅಲ್ಲಿ ನಮ್ಮ ಲೆಕ್ಕ ನಾವೇ ಇಡಬೇಕು. ಇಡ್ಲಿ ವಡಾ ಅನ್ನುವ ಬದಲು ಬರೀ ಇಡ್ಲಿ. ಎಣ್ಣೆ ಕುಡಿದ ಒಂದು ವಡೆ ಎರಡು ಮೂರು ಇಡ್ಲಿಗೆ ಸಮ. ಮಸಾಲೆ ದೋಸೆ ಬೇಕೇಬೇಕು ಅನ್ನಿಸಿದರೆ ಬೆಣ್ಣೆ ಬೇಡ ಅಂತ ಮೊದಲೇ ಹೇಳಿ, ಇಬ್ಬರಿಗೆ ಒಂದು. ಶಿರಾ ಯಾರಾದರೂ ತರಿಸಿದರೆ ಒಂದು ಚಮಚ. ಕಾಫಿಗೆ ಸಕ್ಕರೆ ಬೇರೆ ಕೊಡಿ ಅನ್ನಿ, ಕೊಡುತ್ತಾರೆ. ಸೈಕಲ್ ಮೇಲೆ ಪೋಂ ಪೋಂ ಅಂತ ಬರುವ ಇಡ್ಲಿವಾಲಾನ ಎರಡು ಇಡ್ಲಿ ಪಕ್ಕದ ಗಾಡಿಯ ವಡಾಪಾವ್‌ಗಿಂತ ಎಷ್ಟೋ ಮೇಲು. ಉಪವಾಸ ಅಂತ ಸಾಬುದಾಣಾ ಖಿಚಡಿ ತಿನ್ನುವವರು ಮಾತ್ರ ಹುಷಾರು, ಅದು ಬರೀ ಗಂಜಿಪುಡಿ, ಮೇಲೆ ಶೇಂಗಾ, ತುಪ್ಪ.

ಆರು ತಿಂಗಳಾದ ಮೇಲೆ ನನ್ನ ಅಂಕಿ 5.8ಕ್ಕೆ ಇಳಿಯಿತು, ತೂಕ ಐದು ಕೇಜಿ ಇಳಿಯಿತು. ಎಲ್ಲವೂ ತಿಂಡಿಯಿಂದಲೇ ಆಯಿತು ಅಂದರೆ ಸುಳ್ಳಾಗುತ್ತದೆ, ರಾತ್ರಿ ಊಟದ ಮೇಲೆ ನಲವತ್ತು ನಿಮಿಷ ನಡೆಯುತ್ತೇನೆ. ಈಗಾಗಲೇ ಮಾತ್ರೆ, ಇನ್ಸುಲಿನ್ ಮೇಲಿರುವವರು ನನ್ನ ಮಾತು ಕೇಳಿ ತಿಂಡಿ ಇಳಿಸಬೇಡಿ, ಶುಗರ್ ಏಕಾಏಕಿ ಇಳಿದುಬಿಡಬಹುದು. ಡಾಕ್ಟರನ್ನು ಕೇಳಿಯೇ ಮಾಡಿ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅಮ್ಮನಿಗೆ ಈಗ ಎಂಬತ್ತು ದಾಟಿದೆ, ಆದರೂ ನಾನು ಬಂದಾಗ ಕಾವಲಿ ಮುಂದೆ ಅವರೇ ನಿಲ್ಲಬೇಕು. ಎರಡು ಉದ್ದಿನ ದೋಸೆ ತಿಂದು ಮುಗಿಸುವಷ್ಟರಲ್ಲಿ ಮಾಮೂಲಿ ಪ್ರಶ್ನೆ ಬಂತು. "ಸಾಕಮ್ಮ, ದೋಸೆ ಬಹಳ ಚೆನ್ನಾಗಿತ್ತು" ಅಂದೆ. ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಿನ್ನ ಅಪ್ಪಯ್ಯ ಒಂದ್ ದಿನವೂ ಹೀಂಗ್ ಹೇಳ್ಲಿಲ್ಲ ಕಾಣ್" ಅಂದರು. ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದರು.