ಸಿಂಧನೂರಿನ ಬಿಸಿಲಿಗೆ ಯಾವ ಟೈರ್?

ಕಾರ್ ಬಗ್ಗೆ ಮಾತು ಶುರುವಾದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎಂಜಿನ್, ಟರ್ಬೊ, ಎಕ್ಸಾಸ್ಟ್ ಸೌಂಡ್ ಎಲ್ಲದರ ಮೇಲೂ ಗಂಟೆಗಟ್ಟಲೆ ಚರ್ಚೆ ಆಗುತ್ತೆ. ಟೈರ್ ವಿಷಯ ಬಂದಾಗ ಮಾತ್ರ ಒಂದೇ ಸಲಹೆ: "ಅಗಲದ್ದು ಹಾಕ್ಸು ಗುರು, ಲುಕ್ ಮಸ್ತ್ ಬರುತ್ತೆ." ಈ ಸಲಹೆಯನ್ನು ರಾಯಚೂರು ಜಿಲ್ಲೆಯ ರಸ್ತೆಗೆ ತಂದ್ರೆ ದುಡ್ಡೂ ಹಾಳು, ಜೀವಕ್ಕೂ ಅಪಾಯ ಅನ್ನೋದು ನನ್ನ ವಾದ.

ನಮ್ಮ ಕಡೆ ಪೋರ್ಷೆ, ಫೆರಾರಿ ಹುಡುಕಿದ್ರೂ ಸಿಗೋದು ಕಷ್ಟ. ಆದ್ರೆ ವಾರವೆಲ್ಲ ಕವರ್ ಹೊದ್ದು ನಿಂತು, ಭಾನುವಾರ ಮಾತ್ರ ಹೊರಬೀಳೋ ಪೋಲೋ ಜಿಟಿ, ಐ20 ಎನ್ ಲೈನ್, ಅಲಾಯ್ ಹಾಕಿಸಿದ ಸ್ವಿಫ್ಟ್‌ಗಳು ಇವೆ. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಬರೋ ರಾಷ್ಟ್ರೀಯ ಹೆದ್ದಾರಿ 150ಎ ಇವುಗಳ ಟ್ರ್ಯಾಕ್. ಹಾಗಾಗಿ ಟೈರ್ ಆರಿಸೋದು ಈ ರಸ್ತೆಗೆ, ಈ ಬಿಸಿಲಿಗೆ.

ಮೊದಲು 'ಸಮ್ಮರ್ ಟೈರ್' ಅನ್ನೋ ಹೆಸರಿನ ಗೊಂದಲ. ಯುರೋಪಿನಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದ್ರೆ ವಿಂಟರ್ ಟೈರ್ ಹಾಕ್ತಾರೆ, ಯಾಕಂದ್ರೆ ಸಮ್ಮರ್ ಟೈರಿನ ರಬ್ಬರ್ ಆ ಚಳಿಗೆ ಗಟ್ಟಿಯಾಗುತ್ತೆ. ಸಿಂಧನೂರಿನಲ್ಲಿ ಡಿಸೆಂಬರ್ ಮಧ್ಯಾಹ್ನಕ್ಕೂ ಫ್ಯಾನ್ ಬೇಕು. ಅಂದ್ರೆ ನಮಗೆ ವರ್ಷವಿಡೀ ಸಮ್ಮರ್ರೇ. ಒಳ್ಳೆಯ ಹೈ ಪರ್ಫಾರ್ಮೆನ್ಸ್ ಸಮ್ಮರ್ ಟೈರ್ ಒಣ ರಸ್ತೆಗೆ ಮಾತ್ರ ಅಲ್ಲ, ಮಳೆಯಲ್ಲೂ ಹಿಡಿತ ಕೊಡೋ ಹಾಗೆ ಅದರ ಗ್ರೂವ್‌ಗಳಿರುತ್ತವೆ. ರೇಸ್ ಟ್ರ್ಯಾಕಿನ ಸೆಮಿ ಸ್ಲಿಕ್ ಬೇರೆ ಜಾತಿ. ಅದನ್ನು ನಮ್ಮ ಊರಿಗೆ ತರಬೇಡಿ.

ಈಗ ಅಗಲದ ವಿಷಯ. ಐ20 ಎನ್ ಲೈನ್‌ಗೆ ಕಂಪನಿ ಕೊಡೋದು 195/55 ಆರ್16. 195 ಅಂದ್ರೆ ಮಿಲಿಮೀಟರ್‌ನಲ್ಲಿ ಅಗಲ. 55 ಅಂದ್ರೆ ಆ ಅಗಲದ ಶೇಕಡಾ 55ರಷ್ಟು ಸೈಡ್‌ವಾಲ್ ಎತ್ತರ, ಸುಮಾರು 107 ಮಿಮೀ. 'ಅಪ್‌ಸೈಜ್' ಅಂತ 205/45 ಆರ್17 ಹಾಕ್ಸಿದ್ರೆ ಈ ಎತ್ತರ 92ಕ್ಕೆ ಇಳಿಯುತ್ತೆ. ಹೋದ ಆ 15 ಮಿಮೀ ರಬ್ಬರ್ರೇ ಗುಂಡಿಗೂ ರಿಮ್‌ಗೂ ನಡುವಿನ ಕುಶನ್. ಒಂದು ಹಂಪ್ ಕಾಣದೆ ಹಾರಿದ್ರೆ ರಿಮ್ ಬೆಂಡ್, ಇಲ್ಲ ಸೈಡ್‌ವಾಲ್ ಮೇಲೆ ಬುಗುಟು.

"ಆದ್ರೆ ಅಗಲ ಇದ್ರೆ ಗ್ರಿಪ್ ಜಾಸ್ತಿ ಅಲ್ವಾ?" ಅಂತ ಕೇಳ್ತೀರಿ. ಒಣ ರಸ್ತೆಯ ತಿರುವಿನಲ್ಲಿ ಸ್ವಲ್ಪ ಲಾಭ ಇದೆ, ಒಪ್ಪೋಣ. ಆದ್ರೆ ಲೆಕ್ಕ ಹಾಕಿ ನೋಡಿ: ಒಂದು ಟೈರ್ ಮೇಲೆ ಸುಮಾರು 300 ಕೆಜಿ ಭಾರ, ಒಳಗೆ 33 ಪಿಎಸ್‌ಐ ಗಾಳಿ. ನೆಲಕ್ಕೆ ತಾಗೋ ಜಾಗ ಹೆಚ್ಚುಕಡಿಮೆ 130 ಚದರ ಸೆಂಟಿಮೀಟರ್, ನಿಮ್ಮ ಒಂದು ಹಸ್ತದಷ್ಟು. ಅಗಲದ ಟೈರ್ ಹಾಕಿದ್ರೆ ಈ ಹಸ್ತದ ಆಕಾರ ಬದಲಾಗುತ್ತೆ, ಅಳತೆ ಅಷ್ಟೇನೂ ಬೆಳೆಯಲ್ಲ. ನಿಂತ ನೀರಿನ ಮೇಲೆ ಅಗಲದ ಟೈರ್ ಬೇಗ ತೇಲೋದು ಬೇರೆ.

ನಮ್ಮ ಕಡೆ ಜಾರೋಕೆ ಮಳೆಯೇ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಟ್ರ್ಯಾಕ್ಟರ್‌ಗಳ ಜೊತೆ ಗದ್ದೆಯ ಎರೆಮಣ್ಣು ಟಾರ್ ರೋಡಿಗೆ ಬರುತ್ತೆ. ಕೊಯ್ಲಾದ ಮೇಲೆ ಅದೇ ರೋಡಿನ ಅಂಚಿನಲ್ಲಿ ಭತ್ತ ಒಣಗ್ತಿರುತ್ತೆ. ಕಾಳಿನ ಮೇಲೆ ಎಂಥ ದುಬಾರಿ ಟೈರ್ ಆದ್ರೂ ನಿಲ್ಲಲ್ಲ. ಅಲ್ಲಿ ಸ್ಪೀಡ್ ಇಳಿಸೋದೇ ಪರ್ಫಾರ್ಮೆನ್ಸ್.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡೋದು ಗಾಳಿ. ಏಪ್ರಿಲ್ ಬಂತು ಅಂದ್ರೆ "ಬ್ಯಾಸಿಗಿ ಐತಿ, ಗಾಳಿ ಕಮ್ಮಿ ಹೊಡಸ್ರಿ, ಇಲ್ಲಂದ್ರ ಟೈರ್ ಸಿಡಿತೈತಿ" ಅನ್ನೋ ಮಾತು ಕೇಳೇ ಇರ್ತೀರಿ. ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಇದೆ: ಬಿಸಿಯಾದ್ರೆ ಒತ್ತಡ ಏರುತ್ತೆ. ಪಿಯುಸಿ ಗ್ಯಾಸ್ ಲಾ ಹಚ್ಚಿದ್ರೆ 25 ಡಿಗ್ರಿಯಲ್ಲಿ 33 ಇದ್ದ ಒತ್ತಡ, ಒಳಗಿನ ಗಾಳಿ 60 ಡಿಗ್ರಿ ಆದಾಗ 38–39 ಆಗುತ್ತೆ. ಆದ್ರೆ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಕಂಪನಿಯವರು ಟೈರ್ ತಣ್ಣಗಿದ್ದಾಗಿನ ಒತ್ತಡವನ್ನು ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಬರೆದಿರ್ತಾರೆ. ಗಾಳಿ ಕಮ್ಮಿ ಮಾಡಿದ್ರೆ ಪ್ರತಿ ಸುತ್ತಿಗೂ ಸೈಡ್‌ವಾಲ್ ಜಾಸ್ತಿ ಮಡಚುತ್ತೆ, ಮಡಚಿದಷ್ಟೂ ರಬ್ಬರ್ ಒಳಗೇ ಬಿಸಿ ಹುಟ್ಟುತ್ತೆ. ಮೇಲೆ 42 ಡಿಗ್ರಿ ಬಿಸಿಲು, ಕೆಳಗೆ ಕಾದ ಟಾರ್, ಒಳಗೆ ಈ ಶಾಖ, ಜೊತೆಗೆ 100ರ ಸ್ಪೀಡ್. ಸಿಡಿಯಬಾರದು ಅಂತ ಮಾಡಿದ ಕೆಲಸವೇ ಸಿಡಿಸುತ್ತೆ. ಕಾರಲ್ಲಿರೋದು ನಾವೊಬ್ಬರೇ ಅಲ್ಲ, ಎದುರಿಗೆ ಬರೋ ಟಂಟಂನಲ್ಲಿ ಹತ್ತು ಜನ ಕೂತಿರ್ತಾರೆ.

ನೈಟ್ರೋಜನ್ ಹಾಕ್ಸಿದ್ರೆ ಸಾಕು ಅನ್ನೋರಿಗೆ ಒಂದು ಮಾತು: ಮಾಮೂಲಿ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಪುಕ್ಕಟೆ ಇದೆ.

ವೀಕೆಂಡ್ ಕಾರಿಗೆ ಇನ್ನೊಂದು ವಿಶೇಷ ಸಮಸ್ಯೆ. ಇದರ ಟೈರ್ ಸವೆಯೋ ಮುಂಚೆ ಮುದಿಯಾಗುತ್ತೆ. ಗ್ರೂವ್ ಆಳ ಕಾನೂನಿನ 1.6 ಮಿಮೀಗಿಂತ ಎಷ್ಟೋ ಹೆಚ್ಚಿರುತ್ತೆ, ಆದ್ರೆ ಬಿಸಿಲಿಗೆ ನಿಂತು ನಿಂತು ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿರುತ್ತೆ. ಸೈಡ್‌ವಾಲ್ ಮೇಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತಿದ್ರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ರೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ಆದ್ರೆ ಗ್ರೂವ್ ಚೆನ್ನಾಗಿದ್ರೂ ಬದಲಿಸಿ ಅಂತ ಮಿಶೆಲಿನ್ ಕಂಪನಿಯೇ ಹೇಳುತ್ತೆ.

ಹಾಗಾದ್ರೆ ಅಂಗಡಿಯಲ್ಲಿ ಏನು ಕೇಳಬೇಕು? ಕಂಪನಿ ಕೊಟ್ಟ ಸೈಜ್, ಅಷ್ಟೇ ಅಥವಾ ಹೆಚ್ಚಿನ ಲೋಡ್ ಇಂಡೆಕ್ಸ್ ಮತ್ತು ಸ್ಪೀಡ್ ರೇಟಿಂಗ್, ಇತ್ತೀಚಿನ ತಾರೀಖು, ನಾಲ್ಕೂ ಒಂದೇ ಮಾಡೆಲ್. ಕೆಲವು ಟೈರ್ ಮೇಲೆ 'ಟೆಂಪರೇಚರ್' ಗ್ರೇಡ್ ಇರುತ್ತೆ, ಎ ಇದ್ರೆ ಶಾಖ ತಡೆಯೋದರಲ್ಲಿ ಉತ್ತಮ, ಸಿ ಕನಿಷ್ಠ. ದುಡ್ಡು ಮಿಕ್ಕಿದ್ರೆ ದೊಡ್ಡ ರಿಮ್‌ಗೆ ಹಾಕೋ ಬದಲು ಅದೇ ಸೈಜಿನಲ್ಲಿ ಮೇಲಿನ ದರ್ಜೆಯ ಟೈರ್ ತಗೊಳ್ಳಿ. ಜೊತೆಗೆ ಕೆಲವೇ ನೂರು ರೂಪಾಯಿಯ ಒಂದು ಪ್ರೆಶರ್ ಗೇಜ್.

ರಜೆಗೆ ಊರಿಗೆ ಹೋದಾಗ ಬೆಳಿಗ್ಗೆ ಕಾರ್ ತೆಗೆಯೋ ಮುಂಚೆ ಗಾಳಿ ಚೆಕ್ ಮಾಡಿ. ಮನೆಯಲ್ಲಿ ಯಾರಾದ್ರೂ "ಬ್ಯಾಸಿಗಿಗೆ ಕಮ್ಮಿ ಇರ್ಲಿ" ಅಂದ್ರೆ ಜಗಳ ಆಡಬೇಡಿ, ಬಾಗಿಲು ತೆಗೆದು ಸ್ಟಿಕರ್ ತೋರಿಸಿ. ಎಂಜಿನಿಯರಿಂಗ್ ಓದ್ತಿದೀವಿ ಅಂತ ಹೇಳ್ಕೊಂಡು ತಿರುಗೋರು ಅಷ್ಟಾದ್ರೂ ಮಾಡಬೇಕು.