ಟೈಪಿಸುವುದಾದರೆ ಯೂನಿಕೋಡ್‌ನಲ್ಲೇ

ಕಳೆದ ವಾರ ಪಾಠ ವೀಕ್ಷಣೆಗೆ ಹೋಗಿದ್ದೆ. ಎಂಟನೇ ತರಗತಿಯ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಪ್ರಶಿಕ್ಷಣಾರ್ಥಿಯೊಬ್ಬರು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದರಲ್ಲೇ ಅರ್ಧ ಅವಧಿ ಕಳೆಯಿತು. ತಪ್ಪು ಅವರದಲ್ಲ, ಹಾಗೆ ಟೈಪಿಸಲು ಕಲಿಸಿದವರು ನಾವೇ.

ಹಳೆಯ ಆಸ್ಕಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಾದರೆ 1991ರಿಂದಲೂ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಮೊಬೈಲಿನಲ್ಲೂ ಓದಬಹುದು, ಬೇಕಾದ ಪದ ಹುಡುಕಬಹುದು. ಕೈ ಪಳಗಿದ ಕೀಲಿಮಣೆಯನ್ನೂ ಬಿಡಬೇಕಿಲ್ಲ, ನುಡಿ ವಿನ್ಯಾಸದಲ್ಲೇ ಯೂನಿಕೋಡ್ ಟೈಪಿಸಬಹುದು. ಡಿಟಿಪಿ ಅಂಗಡಿಯವರು ಒಪ್ಪುವುದಿಲ್ಲ ಎನ್ನುತ್ತೀರಾ? ಪಿಡಿಎಫ್ ಮಾಡಿ ಕೊಟ್ಟರಾಯಿತು.

ನಮ್ಮ ಕಾಲೇಜಿನ ಪಾಠಯೋಜನೆಯ ನಮೂನೆಯೇ ಇನ್ನೂ ಹಳೆಯ ಫಾಂಟಿನಲ್ಲಿದೆ. ಮೊದಲು ಅದನ್ನು ಬದಲಿಸೋಣ.