ಮನೆಯ ಕೈಗಾರಿಕೆಗೆ ಗಣಕದ ನಕ್ಷೆ

ಮನೆಯಲ್ಲಿ ಕುಳಿತು ಸಣ್ಣದೊಂದು ಪದಾರ್ಥವನ್ನು ಕಲ್ಪಿಸಿ, ಅದನ್ನು ಮಾಡಿಸಿ ಮಾರಬೇಕೆಂಬ ಹಂಬಲ ನಮ್ಮ ವಾಚಕರಲ್ಲಿ ಅನೇಕರಿಗೆ ಉಂಟು. ದೇವರ ಮನೆಗೆ ಒಪ್ಪುವ ಊದುಬತ್ತಿಯ ಬಟ್ಟಲು, ಅಡುಗೆಮನೆಯ ಗೋಡೆಗೆ ಸೌಟುಗಳ ಗೂಡು, ಮಕ್ಕಳ ಮೇಜಿಗೆ ಪುಸ್ತಕದ ಆನಿಕೆ, ಹೀಗೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು. ಇಂಥವರು ಮೊದಲು ಕೇಳುವ ಪ್ರಶ್ನೆ, ‘ನಕ್ಷೆ ಬರೆಯುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು?’ ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡುಂಟು. ಈ ನಕ್ಷೆಯನ್ನು ಓದತಕ್ಕವರು ಯಾರು? ಬರೆದ ಮೇಲೆ ಅದು ಯಾರ ಸ್ವತ್ತು? ಇವೆರಡಕ್ಕೆ ಉತ್ತರ ದೊರೆತರೆ ತಂತ್ರಾಂಶದ ಆಯ್ಕೆ ಬಹುಮಟ್ಟಿಗೆ ತಾನಾಗಿ ಆಗುವುದೆಂದು ನಾವು ನಂಬಿದ್ದೇವೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರಿಗೆ ಈ ವಿಷಯದಲ್ಲಿ ವಿಶೇಷವಾದ ಅನುಕೂಲವಿದೆ. ವಿಜಯನಗರ, ಬಸವೇಶ್ವರನಗರಗಳಿಗೆ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವೂ ರಾಜಾಜಿನಗರದ ಕೈಗಾರಿಕಾ ವಸಾಹತೂ ಕೂಗಳತೆಯಲ್ಲಿವೆ. ಕೆಂಗೇರಿಯವರಿಗೂ ಅವು ಅಷ್ಟೇನೂ ದೂರವಲ್ಲ. ಲೇತ್ ಹಿಡಿದವರು, ತಗಡು ಒತ್ತುವವರು, ಪ್ಲಾಸ್ಟಿಕ್ ಅಚ್ಚು ಕೊರೆಯುವವರು, ಮೆರುಗು ಕೊಡುವವರು ಎಲ್ಲರೂ ಈ ಸುತ್ತಿನಲ್ಲಿ ಸಿಕ್ಕುವರು. ೧೯೭೨ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದೂ ರಾಜಾಜಿನಗರದಲ್ಲಿಯೇ. ಮನೆಯಲ್ಲಿ ಹುಟ್ಟಿದ ಕಲ್ಪನೆಗೆ ರೂಪ ಕೊಡುವ ಕೈಗಳು ಇಷ್ಟು ಹತ್ತಿರದಲ್ಲಿರುವಾಗ, ಆ ಕೈಗಳಿಗೆ ತಿಳಿಯುವ ಭಾಷೆಯಲ್ಲಿ ನಕ್ಷೆಯನ್ನು ಬರೆಯುವುದಷ್ಟೇ ನಮ್ಮ ಪಾಲಿನ ಕೆಲಸ.

ಗಣಕದ ಮೇಲೆ ನಕ್ಷೆ ಬರೆಯುವ ವಿದ್ಯೆ ಈಗ ಹಳೆಯದೇ ಆಗಿದೆ. ೧೯೬೩ರಲ್ಲಿ ಅಮೆರಿಕದ ಇವಾನ್ ಸದರ್‌ಲ್ಯಾಂಡ್ ಎಂಬವರು ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಎಂಬುದನ್ನು ರಚಿಸಿ ತೋರಿಸಿದರು. ೧೯೮೨ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಈ ವಿದ್ಯೆ ಸಾಮಾನ್ಯ ಕಛೇರಿಗಳಿಗೂ ಇಳಿಯಿತು. ಇಂದು ದೊರೆಯುವ ಕ್ಯಾಡ್ ತಂತ್ರಾಂಶಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಜೇಡಿಮಣ್ಣನ್ನು ತಿದ್ದಿದಂತೆ ಆಕಾರವನ್ನು ಎಳೆದು ಒತ್ತಿ ಮಾಡುವುದು ಒಂದು. ಬ್ಲೆಂಡರ್ ಈ ಜಾತಿಯದು. ಗೊಂಬೆ, ವಿಗ್ರಹ, ಎಲೆಬಳ್ಳಿಗಳ ಕೆತ್ತನೆಗೆ ಅದು ಒಪ್ಪುವುದು. ಅಳತೆಯ ಮೇಲೆ ಆಕಾರವನ್ನು ಕಟ್ಟುವುದು ಇನ್ನೊಂದು. ಫ್ರೀಕ್ಯಾಡ್, ಫ್ಯೂಷನ್, ಸಾಲಿಡ್‌ವರ್ಕ್ಸ್ ಮೊದಲಾದವು ಈ ಜಾತಿಯವು.

ಇವೆರಡರ ವ್ಯತ್ಯಾಸವನ್ನು ಊದುಬತ್ತಿಯ ಬಟ್ಟಲಿನಿಂದಲೇ ತಿಳಿಯಬಹುದು. ಬಟ್ಟಲಿನಲ್ಲಿ ಏಳು ರಂಧ್ರಗಳಿವೆಯೆನ್ನೋಣ. ಮಾದರಿಯನ್ನು ಮಾಡಿಸಿ ನೋಡಿದಾಗ ಕಡ್ಡಿ ಸಡಿಲವಾಗಿ ವಾಲುತ್ತದೆ. ರಂಧ್ರವನ್ನು ಅರ್ಧ ಮಿಲಿಮೀಟರ್ ಕಿರಿದು ಮಾಡಬೇಕು. ಅಳತೆಯ ಮೇಲೆ ಕಟ್ಟಿದ ನಕ್ಷೆಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಏಳು ರಂಧ್ರಗಳೂ ಒಟ್ಟಿಗೆ ಕಿರಿದಾಗುವುವು. ಮಣ್ಣಿನಂತೆ ತಿದ್ದಿದ ನಕ್ಷೆಯಲ್ಲಿಯಾದರೋ ಒಂದೊಂದನ್ನೂ ಮತ್ತೆ ಕೈಯಿಂದ ಸರಿಪಡಿಸಬೇಕಾಗುವುದು. ಮನೆಬಳಕೆಯ ಪದಾರ್ಥಗಳೆಲ್ಲ ಇನ್ನೊಂದು ವಸ್ತುವಿಗೆ ಹೊಂದಿಕೊಳ್ಳತಕ್ಕವು: ಕಡ್ಡಿಗೆ ರಂಧ್ರ, ಡಬ್ಬಿಗೆ ಮುಚ್ಚಳ, ಮೊಳೆಗೆ ತೂತು. ಆದುದರಿಂದ ನಮ್ಮ ಕೆಲಸಕ್ಕೆ ಎರಡನೆಯ ಜಾತಿಯೇ ಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಮೊದಲನೆಯ ಪ್ರಶ್ನೆ: ನಕ್ಷೆಯನ್ನು ಓದತಕ್ಕವರು ಯಾರು? ಅದೇ ಬಟ್ಟಲನ್ನು ಅಕ್ರಿಲಿಕ್ ಹಲಗೆಯಲ್ಲಿ ಲೇಸರಿನಿಂದ ಕತ್ತರಿಸುವುದಾದರೆ ಅಂಗಡಿಯವರು ಡಿಎಕ್ಸ್‌ಎಫ್ ಎಂಬ ಚಪ್ಪಟೆ ನಕ್ಷೆಯನ್ನು ಕೇಳುವರು. ಅದಕ್ಕೆ ಲಿಬ್ರೆಕ್ಯಾಡ್ ಎಂಬ ಉಚಿತ ತಂತ್ರಾಂಶವೇ ಸಾಕು. ತ್ರೀಡಿ ಪ್ರಿಂಟರಿನಲ್ಲಿ ಮಾಡಿಸುವುದಾದರೆ ಎಸ್‌ಟಿಎಲ್ ಎಂಬ ಫೈಲು ಬೇಕು. ಇದರಲ್ಲಿ ಆಕಾರವನ್ನೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದಿರುವರು. ಅಂಕಿಗಳಿದ್ದರೂ ಅವು ಮಿಲಿಮೀಟರೋ ಅಂಗುಲವೋ ಎಂಬುದನ್ನು ಈ ಫೈಲು ಹೇಳುವುದಿಲ್ಲ. ಅರವತ್ತು ಮಿಲಿಮೀಟರಿನ ಬಟ್ಟಲನ್ನು ಎದುರಿನವರು ಅರವತ್ತು ಅಂಗುಲವೆಂದು ಓದಿದರೆ ಅದು ಒಂದೂವರೆ ಮೀಟರಿನ ಕೊಪ್ಪರಿಗೆಯಾಗುವುದು! ಲೋಹದಲ್ಲಿ ಕೊರೆಯುವುದಾದರೆ, ಅಥವಾ ಪ್ಲಾಸ್ಟಿಕ್ಕಿಗೆ ಅಚ್ಚು ಮಾಡಿಸುವುದಾದರೆ, ಸ್ಟೆಪ್ ಎಂಬ ಫೈಲನ್ನು ಕೊಡತಕ್ಕದ್ದು. ಅದರಲ್ಲಿ ದುಂಡು ದುಂಡಾಗಿಯೇ ಉಳಿಯುವುದು, ಅಳತೆಯ ಮಾನವೂ ಜೊತೆಗಿರುವುದು. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳೂ ಅದನ್ನು ತೆರೆಯಬಲ್ಲವು. ಆದಕಾರಣ ಸ್ಟೆಪ್ ಫೈಲನ್ನು ಕೊಡಲಾರದ ತಂತ್ರಾಂಶವನ್ನು ಮಾರಾಟದ ಉದ್ದೇಶವುಳ್ಳವರು ಆರಿಸದಿರುವುದು ಲೇಸು.

ಎರಡನೆಯ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂಬ ಗಾದೆಯಂತೆ ನಾವು ಉಚಿತವೆಂದ ಕೂಡಲೆ ಕೈನೀಡುತ್ತೇವೆ. ಉಚಿತದಲ್ಲಿಯೂ ಬಗೆಗಳುಂಟು. ಫ್ಯೂಷನ್ ತಂತ್ರಾಂಶದ ಉಚಿತ ಬಳಕೆ ಸ್ವಂತ ಅಭ್ಯಾಸಕ್ಕೇ ಹೊರತು ವ್ಯಾಪಾರಕ್ಕಲ್ಲ. ೨೦೨೦ರಲ್ಲಿ ಅದರ ಒಡೆಯರು, ಉಚಿತ ಬಳಕೆದಾರರು ಒಂದು ಸಲಕ್ಕೆ ಹತ್ತು ನಕ್ಷೆಗಳನ್ನು ಮಾತ್ರ ತಿದ್ದುವ ಸ್ಥಿತಿಯಲ್ಲಿಟ್ಟುಕೊಳ್ಳಬಹುದೆಂದು ನಿಬಂಧನೆ ಬದಲಿಸಿದರು. ಕಂಪನಿ ತನ್ನ ಸರಕಿಗೆ ಕಟ್ಟಳೆ ಮಾಡುವುದು ಅನ್ಯಾಯವೇನಲ್ಲ. ಆದರೆ ನಮ್ಮ ಜೀವನೋಪಾಯ ಆ ಕಟ್ಟಳೆಗೆ ಗಂಟುಬಿದ್ದಿದೆಯೆಂಬುದನ್ನು ನಾವು ಅರಿತಿರಬೇಕು. ಆನ್‌ಶೇಪ್ ಎಂಬುದರ ಉಚಿತ ಯೋಜನೆಯಲ್ಲಿಯಾದರೋ ನಾವು ಬರೆದ ನಕ್ಷೆ ಲೋಕಕ್ಕೆಲ್ಲ ಬಹಿರಂಗವಾಗಿರುತ್ತದೆ.

‘ಬಹಿರಂಗವಾದರೇನು, ನನ್ನ ಬಟ್ಟಲನ್ನು ಯಾರು ನೋಡುತ್ತಾರೆ?’ ಎನ್ನುವವರಿರಬಹುದು. ಅವರು ನಮ್ಮ ದೇಶದ ಕಾಯಿದೆಯನ್ನು ಗಮನಿಸಬೇಕು. ೨೦೦೦ದ ವಿನ್ಯಾಸಗಳ ಕಾಯಿದೆಯ ಮೇರೆಗೆ, ಹೊಸದಾದ ಆಕಾರವನ್ನು ಕಲ್ಪಿಸಿದವರು ಅದನ್ನು ನೋಂದಾಯಿಸಿಕೊಂಡರೆ ಹತ್ತು ವರ್ಷ, ಮುಂದುವರಿಸಿಕೊಂಡರೆ ಇನ್ನೂ ಐದು ವರ್ಷ, ಇತರರು ಅದನ್ನು ನಕಲು ಮಾಡದಂತೆ ತಡೆಯುವ ಹಕ್ಕು ದೊರೆಯುವುದು. ಆದರೆ ಅರ್ಜಿ ಹಾಕುವುದಕ್ಕೆ ಮುಂಚೆಯೇ ಆ ಆಕಾರ ಭಾರತದಲ್ಲಾಗಲಿ ಪರದೇಶದಲ್ಲಾಗಲಿ ಪ್ರಕಟವಾಗಿದ್ದರೆ ನೋಂದಣಿಗೆ ಅವಕಾಶವಿಲ್ಲ. ಹೀಗಿರುವಾಗ, ಎಲ್ಲರಿಗೂ ತೆರೆದಿಟ್ಟ ನಕ್ಷೆಯಿಂದ ನಮ್ಮ ಹಕ್ಕಿಗೆ ನಾವೇ ಕುತ್ತು ತಂದುಕೊಂಡಂತಾಗಬಹುದು. ಆರು ತಿಂಗಳು ತಲೆ ಕೆಡಿಸಿಕೊಂಡು ಕಲ್ಪಿಸಿದ ಆಕಾರವನ್ನು ನಾಳೆ ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಬೇರೆಯವರ ಹೆಸರಿನಲ್ಲಿ ಕಂಡು ಸಂಕಟಪಡುವುದಕ್ಕಿಂತ, ಅರ್ಜಿ ಹಾಕುವವರೆಗೆ ನಕ್ಷೆಯನ್ನು ಮನೆಯ ಗಣಕದಲ್ಲಿಯೇ ಭದ್ರವಾಗಿಡುವುದು ವಿವೇಕ.

ಈ ಎರಡು ದೃಷ್ಟಿಯಿಂದಲೂ ನೋಡಿದರೆ, ಮಾರಾಟದ ಯೋಚನೆಯಿಂದ ಹೊಸದಾಗಿ ಕಲಿಯತಕ್ಕವರಿಗೆ ನಾವು ಫ್ರೀಕ್ಯಾಡನ್ನು ಸೂಚಿಸುತ್ತೇವೆ. ೨೦೦೨ರಲ್ಲಿ ಮೊದಲು ಹೊರಬಂದ ಈ ತಂತ್ರಾಂಶ ೨೦೨೪ರ ನವೆಂಬರಿನಲ್ಲಿ ತನ್ನ ೧.೦ ಎಂಬ ಆವೃತ್ತಿಯನ್ನು ಮುಟ್ಟಿತು. ಮುಂಚೆ ನಕ್ಷೆಯ ಒಂದು ಹಂತವನ್ನು ತಿದ್ದಿದರೆ ಅದರ ಮೇಲೆ ಕಟ್ಟಿದ ಹಂತಗಳು ಕೆಡುತ್ತಿದ್ದ ದೋಷವನ್ನು ಆ ಆವೃತ್ತಿಯಲ್ಲಿ ಬಹುಮಟ್ಟಿಗೆ ನಿವಾರಿಸಿದ್ದಾರೆ. ಇದಕ್ಕೆ ಬೆಲೆಯಿಲ್ಲ; ವ್ಯಾಪಾರಕ್ಕೆ ಬಳಸಬಾರದೆಂಬ ನಿರ್ಬಂಧವಿಲ್ಲ; ಫೈಲು ನಮ್ಮ ಗಣಕದಲ್ಲಿಯೇ ಇರುವುದು. ಕಲಿಯುವುದಕ್ಕೆ ಕೊಂಚ ತಾಳ್ಮೆ ಬೇಕೆಂಬುದನ್ನು ಮಾತ್ರ ಮುಚ್ಚಿಡಲಾರೆವು. ಮೊದಲ ವಾರ ತಲೆನೋವು ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಕೈ ಪಳಗುವುದಕ್ಕೆ ಮುಂಚೆ ಮಕ್ಕಳೊಡನೆ ಟಿಂಕರ್‌ಕ್ಯಾಡಿನಲ್ಲಿ ನಾಲ್ಕು ದಿನ ಆಡಿದರೆ ಮೂರು ಆಯಾಮಗಳಲ್ಲಿ ಯೋಚಿಸುವ ಅಭ್ಯಾಸವಾಗುವುದು. ಹಣ ತೆತ್ತು ಕೊಳ್ಳುವ ದೊಡ್ಡ ತಂತ್ರಾಂಶಗಳು ಹೆಚ್ಚು ನಯವಾಗಿ ಕೆಲಸ ಮಾಡುವುದು ನಿಜ. ಆದರೆ ವರ್ಷ ವರ್ಷವೂ ಬಾಡಿಗೆ ಕೊಡುವ ಆ ಭಾರವನ್ನು ಪದಾರ್ಥ ಮಾರಾಟವಾಗತೊಡಗಿದ ಮೇಲೆ ಹೊತ್ತರೆ ಸಾಕು.

ಕಡೆಯದಾಗಿ ಒಂದು ಎಚ್ಚರಿಕೆ. ತೆರೆಯ ಮೇಲೆ ಚೆಂದವಾಗಿ ಕಂಡದ್ದೆಲ್ಲ ಅಚ್ಚಿನಿಂದ ಚೆಂದವಾಗಿ ಹೊರಬರುವುದಿಲ್ಲ. ಕಾದ ಪ್ಲಾಸ್ಟಿಕ್ ಆರಿದಾಗ ಕುಗ್ಗುವುದು: ಎಬಿಎಸ್ ನೂರಕ್ಕೆ ಸುಮಾರು ಅರ್ಧದಷ್ಟು, ಪಾಲಿಪ್ರೊಪಿಲೀನ್ ನೂರಕ್ಕೆ ಒಂದರಿಂದ ಎರಡರಷ್ಟು. ಪದಾರ್ಥ ಅಚ್ಚಿನಿಂದ ಬಿಡಿಸಿಕೊಳ್ಳುವಂತೆ ಗೋಡೆಗಳಿಗೆ ಒಂದೆರಡು ಡಿಗ್ರಿಯ ಓರೆಯೂ ಬೇಕು. ಇವನ್ನು ಯಾವ ತಂತ್ರಾಂಶವೂ ಕೇಳದೆ ಕಲಿಸಿಕೊಡುವುದಿಲ್ಲ. ಅಚ್ಚು ಮಾಡುವವರೇ ಹೇಳಬೇಕು. ಉಕ್ಕಿನಲ್ಲಿ ಕೊರೆದ ಅಚ್ಚನ್ನು ತಿದ್ದುವುದು ಬಹು ದುಬಾರಿ. ಕಾಗದದ ಮೇಲಿನದನ್ನು ತಿದ್ದುವುದಕ್ಕೆ ಒಂದು ರಬ್ಬರು ಸಾಕು. ಆದುದರಿಂದ ಮೊದಲು ರಟ್ಟಿನಲ್ಲಿ ಮಾಡಿ ಕೈಯಲ್ಲಿ ಹಿಡಿದು ನೋಡಬೇಕು. ಬಳಿಕ ಒಂದನ್ನು ಪ್ರಿಂಟ್ ಮಾಡಿಸಿ ಮನೆಯಲ್ಲಿ ಹದಿನೈದು ದಿನ ಬಳಸಬೇಕು. ಆ ಮೇಲೆ ಅಚ್ಚಿನ ಮಾತು.

ತಂತ್ರಾಂಶವನ್ನು ಆರಿಸುವುದಕ್ಕೆ ಮುಂಚೆ ಒಂದು ಬೆಳಗ್ಗೆ ಆ ರಟ್ಟಿನ ಮಾದರಿಯನ್ನು ಚೀಲದಲ್ಲಿಟ್ಟುಕೊಂಡು ಕಾಮಾಕ್ಷಿಪಾಳ್ಯಕ್ಕೋ ರಾಜಾಜಿನಗರಕ್ಕೋ ಹೋಗಿ, ಎರಡು ಮೂರು ಕಾರ್ಖಾನೆಗಳಲ್ಲಿ ‘ಯಾವ ಫೈಲು ತರಲಿ, ಸ್ವಾಮಿ?’ ಎಂದು ವಿಚಾರಿಸಬೇಕೆಂದು ವಾಚಕರಲ್ಲಿ ಕೇಳಿಕೊಳ್ಳುತ್ತೇವೆ. ನಕ್ಷೆ ಮುಗಿದ ಮೇಲೆ ಅದರ ಸ್ಟೆಪ್ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿ, ದಿನಾಂಕ ಬರೆದು, ಮನೆಯ ಪತ್ರಗಳನ್ನಿಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ತಂತ್ರಾಂಶ ಇಂದಿನದು ಹೋಗಿ ನಾಳೆ ಇನ್ನೊಂದು ಬರಬಹುದು. ನಕ್ಷೆ ಮಾತ್ರ ನಿಮ್ಮದಾಗಿಯೇ ಉಳಿಯಲಿ.